ಕೋಚ್ ಹೋದ ಮೇಲೆ ಯಾರನ್ನು ಏನು ಕೇಳಬೇಕು: ಪಶ್ಚಿಮ ಸಿಡ್ನಿಯ ಕನ್ನಡಿಗ ಈಲ್ಸ್ ಅಭಿಮಾನಿಗಳಿಗೆ ಬಹಿರಂಗ ಪತ್ರ

ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ತೂಂಗ್ಯಾಬಿ, ಹ್ಯಾರಿಸ್ ಪಾರ್ಕ್, ಕೆಲ್ಲಿವಿಲ್ ಕಡೆ ಮನೆ ಮಾಡಿಕೊಂಡು, ನೀಲಿ-ಹಳದಿ ಜೆರ್ಸಿ ತೊಟ್ಟು ಪ್ಯಾರಮಟಾ ಸ್ಟೇಡಿಯಂಗೆ ಹೋಗುವ ಬಂಧುಗಳೇ, ನಮಸ್ಕಾರ.

2024ರ ಮೇ ತಿಂಗಳಲ್ಲಿ, ಬ್ರಿಸ್ಬೇನ್‌ನಲ್ಲಿ ಮೆಲ್ಬರ್ನ್ ಸ್ಟಾರ್ಮ್ ಎದುರು 48-16ರಿಂದ ಸೋತ ಬೆನ್ನಲ್ಲೇ, ನಮ್ಮ ರಗ್ಬಿ ಲೀಗ್ ಕ್ಲಬ್ ಪ್ಯಾರಮಟಾ ಈಲ್ಸ್, ಬ್ರ್ಯಾಡ್ ಆರ್ಥರ್ ಅವರನ್ನು ಮುಖ್ಯ ಕೋಚ್ ಸ್ಥಾನದಿಂದ ತೆಗೆಯಿತು. 2014ರಿಂದ ಆ ಜಾಗದಲ್ಲಿದ್ದವರು ಅವರು. ಉಳಿದ ಸೀಸನ್‌ಗೆ ಟ್ರೆಂಟ್ ಬ್ಯಾರೆಟ್ ಹಂಗಾಮಿಯಾಗಿ ನಿಂತರು. ಜುಲೈನಲ್ಲಿ ಮುಂದಿನ ಕಾಯಂ ಕೋಚ್ ಆಗಿ ಜೇಸನ್ ರೈಲ್ಸ್ ಹೆಸರು ಘೋಷಣೆಯಾಯಿತು. ಆರ್ಥರ್ ಅದೇ ಜುಲೈನಲ್ಲಿ ಇಂಗ್ಲೆಂಡಿನ ಲೀಡ್ಸ್ ರೈನೋಸ್‌ಗೆ ಕೋಚ್ ಆದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು ಅಂದುಕೊಂಡರೆ ನಮ್ಮ ನಡುವಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಪಂದ್ಯ ಮುಗಿಸಿ ರೈಲು ಹತ್ತುವಾಗಲೂ ಅದೇ ಮಾತು, ಮನೆಯೊಳಗಿನ ಊಟದಲ್ಲೂ ಅದೇ ಮಾತು. "ಹತ್ತು ವರ್ಷ ಕೊಟ್ಟರು, ಕಪ್ ಎಲ್ಲಿ?" ಅಂತ ಒಂದು ಕಡೆ. "ಆಟ ನಡೆಸುವ ಹಾಫ್‌ಬ್ಯಾಕ್ ಮೋಸೆಸ್ಸೇ ಇಲ್ಲದ ತಂಡ ಇಟ್ಟುಕೊಂಡು ಅವರೇನು ಮಾಡಬೇಕಿತ್ತು?" ಅಂತ ಇನ್ನೊಂದು ಕಡೆ.

ಎರಡೂ ಕಡೆಯವರು ಒಬ್ಬ ಮನುಷ್ಯನ ಮೇಲೇ ಕಣ್ಣು ನೆಟ್ಟಿದ್ದಾರೆ. ತಂಡದ ಮುಂದಿನ ಮೂರು ವರ್ಷವನ್ನು ತೀರ್ಮಾನಿಸಿದ ಕೆಲಸಗಳು ಬಹುಮಟ್ಟಿಗೆ ಅವರ ಕೈಯಾಚೆ, ಅವರು ಹೋಗುವುದಕ್ಕೆ ಬಹಳ ಮೊದಲೇ ಆಗಿಹೋಗಿದ್ದವು. ಆ ಕೆಲಸಗಳು ಯಾವುವು, ಮುಂದಿನ ಸಲ ಕೋಚ್ ಬದಲಾದಾಗ ನಾವು ಯಾರ ಬಾಗಿಲು ತಟ್ಟಬೇಕು ಎಂದು ಹೇಳುವುದಕ್ಕೆ ಈ ಪತ್ರ.

ನಮ್ಮಲ್ಲಿ ಬಹುಪಾಲು ಜನ ಈ ಆಟಕ್ಕೆ ಬಂದದ್ದು ಕ್ರಿಕೆಟ್ ನೋಡಿ ಬೆಳೆದ ಮೇಲೆ. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವುದು, ಫೀಲ್ಡರ್‌ನನ್ನು ಸರಿಸುವುದು ಕ್ಯಾಪ್ಟನ್ ಕೆಲಸ. ಆಟ ನಡೆಯುವಾಗ ಕೋಚ್ ಪೆವಿಲಿಯನ್‌ನಲ್ಲಿ ಕೂತಿರುತ್ತಾರೆ. ರಗ್ಬಿ ಲೀಗ್‌ನಲ್ಲಿ ಹಾಗಿಲ್ಲ. 80 ನಿಮಿಷದ ಆಟದಲ್ಲಿ ಎಂಟು ಸಲ ಮಾತ್ರ ಆಟಗಾರರನ್ನು ಅದಲು-ಬದಲು ಮಾಡಬಹುದು. ಪ್ರಾಪ್‌ಗಳಲ್ಲಿ, ಅಂದರೆ ಮುಂಚೂಣಿಯ ದಢೂತಿ ಆಟಗಾರರಲ್ಲಿ, ಯಾರನ್ನು ಯಾವ ನಿಮಿಷಕ್ಕೆ ಕೂರಿಸಬೇಕು, ಎರಡನೇ ಅವಧಿಯ ಕೊನೆಯ ಕಾಲು ಗಂಟೆಗೆ ಎಷ್ಟು ಬದಲಾವಣೆ ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವವರು ಮೇಲೆ ಗಾಜಿನ ಕೋಣೆಯಲ್ಲಿ ಕೂತ ಕೋಚ್. ಮೈದಾನದೊಳಗೆ ನೀರು ಹಿಡಿದು ಓಡುವ ಟ್ರೇನರ್ ಆ ಕೋಣೆಯ ಮಾತನ್ನು ಆಟಗಾರರ ಕಿವಿಗೆ ಮುಟ್ಟಿಸುತ್ತಾರೆ. ಆದ್ದರಿಂದ ಸೋತಾಗ ಕೋಚ್ ಮೇಲೆ ಸಿಟ್ಟು ಬರುವುದು ಸಹಜ, ಒಂದು ಮಟ್ಟಕ್ಕೆ ನ್ಯಾಯವೂ ಹೌದು.

ಆದರೆ ಸೀಸನ್ ನಡುವೆ ಕೋಚ್ ಬದಲಾದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎನ್ನುವುದನ್ನು ಬಿಡಿಸಿ ನೋಡಬೇಕು.

ದಾಳಿಯ ಆಟ ಬೇಗ ಬದಲಾಗುತ್ತದೆ. ಚೆಂಡು ಹಿಡಿದವನನ್ನು ಎದುರಿನವರು ಕೆಡವುವುದು ಟ್ಯಾಕಲ್; ಅಂಥ ಆರು ಟ್ಯಾಕಲ್ ಆಗುವವರೆಗೆ ಮಾತ್ರ ಚೆಂಡು ಒಂದು ತಂಡದ್ದು. ಐದನೇ ಟ್ಯಾಕಲ್‌ನ ಕಿಕ್ ಎಲ್ಲಿಗೆ ಬೀಳಬೇಕು, ಎಡಗಡೆ ಅಂಚಿಗೆ ಎಷ್ಟು ಸಲ ಚೆಂಡು ಹೋಗಬೇಕು, ಟ್ಯಾಕಲ್ ಆದ ಮೇಲೆ ಚೆಂಡು ಎತ್ತಿ ಕೊಡುವ ಹೂಕರ್ ಯಾವಾಗ ತಾನೇ ಓಡಬೇಕು ಎನ್ನುವುದನ್ನು ಒಂದೆರಡು ವಾರದ ತಾಲೀಮಿನಲ್ಲಿ ತಿದ್ದಬಹುದು. ಹಂಗಾಮಿ ಕೋಚ್ ಬಂದ ಮೊದಲ ಪಂದ್ಯಗಳಲ್ಲಿ ತಂಡಕ್ಕೆ ಹೊಸ ಹುರುಪು ಬಂದಂತೆ ಕಾಣುವುದು ಇದರಿಂದಲೇ. ಎದುರು ತಂಡದವರು ನೋಡಿಟ್ಟುಕೊಂಡ ವಿಡಿಯೊ ಹಳೆಯದಾಗಿರುತ್ತದೆ, ಅಷ್ಟೆ. ಮೂರ್ನಾಲ್ಕು ವಾರದಲ್ಲಿ ಅವರೂ ಓದಿಕೊಳ್ಳುತ್ತಾರೆ.

ರಕ್ಷಣೆ ಹಾಗೆ ತಿದ್ದುವಂಥದ್ದಲ್ಲ. ಮೈದಾನದ ಒಂದು ಅಂಚಿನಲ್ಲಿ ವಿಂಗರ್, ಸೆಂಟರ್, ಎರಡನೇ ಸಾಲಿನ ಫಾರ್ವರ್ಡ್, ಹಾಫ್ ಹೀಗೆ ನಾಲ್ವರು ನಿಂತಿರುತ್ತಾರೆ. ಎದುರಿನವರ ಬಳಿ ಒಬ್ಬ ಹೆಚ್ಚಿಗೆ ಇದ್ದಾಗ ಈ ನಾಲ್ವರೂ ಹೊರಗೆ ಜಾರಬೇಕೆ, ಇಲ್ಲ ಒಳಗೆ ನುಗ್ಗಿ ಪಾಸ್ ಹೊರಡುವ ಮೊದಲೇ ಮುಚ್ಚಬೇಕೆ? ಅರ್ಧ ಸೆಕೆಂಡಿನಲ್ಲಿ ನಾಲ್ವರೂ ಒಂದೇ ಉತ್ತರ ಕೊಡಬೇಕು. ಮೂವರು ಜಾರಿ ಒಬ್ಬ ನುಗ್ಗಿದರೆ ಅಲ್ಲೇ ಟ್ರೈ, ಅಂದರೆ ಎದುರಿನವರು ನಮ್ಮ ಗೆರೆ ದಾಟಿ ಚೆಂಡು ನೆಲಕ್ಕೆ ಊರಿ ಅಂಕ ಗಳಿಸುತ್ತಾರೆ. ಈ ಒಪ್ಪಂದ ಮೈಗೂಡುವುದು ನವೆಂಬರ್‌ನಿಂದ ಫೆಬ್ರವರಿವರೆಗಿನ ಬಿಸಿಲ ತಾಲೀಮಿನಲ್ಲಿ. ಮೇ ತಿಂಗಳಲ್ಲಿ ಬಂದ ಕೋಚ್‌ಗೆ ವಾರದಲ್ಲಿ ಸಿಗುವುದು ಎರಡೋ ಮೂರೋ ಪೂರ್ಣ ತಾಲೀಮು. ಉಳಿದ ದಿನಗಳು ಪಂದ್ಯದ ನೋವು ಇಳಿಸುವುದಕ್ಕೆ, ವಿಡಿಯೊ ನೋಡುವುದಕ್ಕೆ, ಪ್ರಯಾಣಕ್ಕೆ ಹೋಗುತ್ತವೆ. ಹಳೆಯ ಪದ್ಧತಿಯನ್ನೇ ಬಿಗಿ ಮಾಡುತ್ತೇನೆ ಎನ್ನುವ ಹಂಗಾಮಿ ಕೋಚ್ ಜಾಣ. ಪದ್ಧತಿಯನ್ನೇ ಬದಲಿಸುತ್ತೇನೆ ಎನ್ನುವವರ ಕಾಲದಲ್ಲಿ ಸೋಲಿನ ಅಂತರ ದೊಡ್ಡದಾಗುತ್ತದೆ.

ಇನ್ನು ಸೀಸನ್ ನಡುವೆ ಹೆಚ್ಚೂಕಡಿಮೆ ಬದಲಾಗದೇ ಇರುವುದು ಆಟಗಾರರ ಪಟ್ಟಿ. ನಮ್ಮ ಕಥೆಯ ತಿರುಳು ಇರುವುದು ಇಲ್ಲೇ.

ಈಲ್ಸ್ ಆಡುವ ರಾಷ್ಟ್ರೀಯ ರಗ್ಬಿ ಲೀಗ್‌ನಲ್ಲಿ (ಎನ್‌ಆರ್‌ಎಲ್) ಒಬ್ಬ ಆಟಗಾರನ ಒಪ್ಪಂದದ ಕೊನೆಯ ವರ್ಷ ಶುರುವಾಗುವ ಮುನ್ನವೇ, ಹಿಂದಿನ ನವೆಂಬರ್ 1ರಿಂದ ಅವನು ಬೇರೆ ಕ್ಲಬ್‌ಗಳ ಜೊತೆ ಮಾತುಕತೆ ನಡೆಸಬಹುದು, ಸಹಿಯನ್ನೂ ಹಾಕಬಹುದು. ಹಾಗೆ ಸಹಿ ಹಾಕಿದ ಮೇಲೂ ಇಡೀ ಒಂದು ಸೀಸನ್ ಹಳೆಯ ತಂಡಕ್ಕೇ ಆಡುತ್ತಾನೆ. ಈಲ್ಸ್ 2022ರಲ್ಲಿ ಫೈನಲ್ ತಲುಪಿ ಪೆನ್ರಿತ್ ಎದುರು 28-12ರಿಂದ ಸೋತಿತಲ್ಲ, ಆ ದಿನ ಮೈದಾನದಲ್ಲಿದ್ದ ಹೂಕರ್ ರೀಡ್ ಮಹೋನಿ ಬುಲ್‌ಡಾಗ್ಸ್‌ಗೆ, ಐಸಾಯ ಪಪಾಲಿ ವೆಸ್ಟ್ಸ್ ಟೈಗರ್ಸ್‌ಗೆ, ಮರಾಟಾ ನಿಯುಕೋರೆ ವಾರಿಯರ್ಸ್‌ಗೆ ಹೋಗುವುದು ಆಗಲೇ ನಿಶ್ಚಯವಾಗಿತ್ತು. ಅಂದರೆ 2023ರ ಕುಸಿತದ ಬೀಜ ಬಿದ್ದದ್ದು ಕ್ಲಬ್ 36 ವರ್ಷಗಳ ಬರ ನೀಗಿಸಲು ಹೊರಟ ಆ ಫೈನಲ್‌ಗೂ ಮೊದಲು. ಮಹೋನಿ ಜಾಗಕ್ಕೆ ಕ್ಯಾನ್ಬೆರಾದಿಂದ ಬಂದ ಜಾಶ್ ಹಾಡ್ಜ್‌ಸನ್ ಅನುಭವಿ, ಆದರೆ ಕುತ್ತಿಗೆಯ ಗಾಯದಿಂದ ಅವರ ಆಟವೇ 2023ರಲ್ಲಿ ನಿಂತಿತು. ಪ್ರತಿ ಟ್ಯಾಕಲ್ ಆದ ಮೇಲೂ ಚೆಂಡು ಮೊದಲು ಮುಟ್ಟುವವನು ಹೂಕರ್. ಆ ಜಾಗದಲ್ಲಿ ಒಂದೇ ವರ್ಷದಲ್ಲಿ ಎರಡು ಸಲ ತೂತು ಬಿದ್ದರೆ ಹಾಫ್‌ಬ್ಯಾಕ್‌ಗೆ ಚೆಂಡು ಅರ್ಧ ಹೆಜ್ಜೆ ತಡವಾಗಿ, ಮೊಣಕಾಲೆತ್ತರಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ತಡ. 2023ರಲ್ಲಿ ತಂಡ 10ನೇ ಸ್ಥಾನಕ್ಕೆ ಇಳಿಯಿತು. 2024ರ ಆರಂಭದಲ್ಲೇ ಮಿಚೆಲ್ ಮೋಸೆಸ್ ಪಾದದ ಗಾಯದಿಂದ ಹೊರಗೆ ಕೂತರು. ಆ ವಾರಗಳ ಸೋಲುಗಳೇ ಆರ್ಥರ್ ಅವರ ಕೊನೆಯ ಲೆಕ್ಕವಾದವು.

ಹಾಗಂತ ಅವರನ್ನು ಉಳಿಸಿಕೊಳ್ಳಲೇಬೇಕಿತ್ತು ಅಂತ ನಾವು ಹೇಳುತ್ತಿಲ್ಲ. ಆಟಗಾರರ ಆಯ್ಕೆ, ಉಳಿಸಿಕೊಳ್ಳುವಿಕೆಯ ಮಾತುಕತೆಯಲ್ಲಿ ಮುಖ್ಯ ಕೋಚ್ ಧ್ವನಿ ದೊಡ್ಡದು. ಅಂಚಿನ ರಕ್ಷಣೆ ಹಲವು ಸೀಸನ್‌ಗಳಿಂದ ಒಂದೇ ರೀತಿ ಒಡೆಯುತ್ತಿತ್ತು, ಯುವ ಆಟಗಾರರಿಗೆ ಬಾಗಿಲು ತಡವಾಗಿ ತೆರೆಯುತ್ತಿತ್ತು. ಹತ್ತು ವರ್ಷ ಕೇಳಿದ ಧ್ವನಿಗೆ ಡ್ರೆಸಿಂಗ್ ರೂಮ್ ಕಿವಿ ಮಂದವಾಗುವುದೂ ಉಂಟು. ಜೊತೆಗೆ ಇದನ್ನೂ ಹೇಳಬೇಕು: 2016ರಲ್ಲಿ ಸಂಬಳ ಮಿತಿ (ಒಂದು ಕ್ಲಬ್ ತನ್ನ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಗರಿಷ್ಠ ಮೊತ್ತ) ಮೀರಿದ್ದಕ್ಕೆ ಎನ್‌ಆರ್‌ಎಲ್ ಅಂಕಪಟ್ಟಿಯ 12 ಅಂಕ ಕಿತ್ತುಕೊಂಡು 10 ಲಕ್ಷ ಡಾಲರ್ ದಂಡ ಹಾಕಿತು, ಐವರು ಅಧಿಕಾರಿಗಳ ನೋಂದಣಿ ರದ್ದಾಯಿತು. ಆ ಕುಸಿದ ಮನೆಯೊಳಗೆ ನಿಂತು ಮರುವರ್ಷವೇ, 2017ರಲ್ಲಿ, ತಂಡವನ್ನು ಫೈನಲ್ಸ್ ಹಂತಕ್ಕೆ, ಅಂದರೆ ಮೊದಲ ಎಂಟು ತಂಡಗಳು ಕಪ್‌ಗಾಗಿ ಆಡುವ ಕೊನೆಯ ಸುತ್ತುಗಳಿಗೆ, ಒಯ್ದವರು ಆರ್ಥರ್. 2018ರಲ್ಲಿ ಕೊನೆಯ ಸ್ಥಾನ, ಆಮೇಲೆ 2019ರಿಂದ 2022ರವರೆಗೆ ಸಾಲಾಗಿ ನಾಲ್ಕು ವರ್ಷ ಫೈನಲ್ಸ್ ಹಂತ. ಒಳ್ಳೆಯ ಕೋಚ್, ತನ್ನ ಸಮಯ ಮುಗಿದಿದ್ದ ಕೋಚ್, ಈ ಎರಡೂ ಮಾತು ಒಟ್ಟಿಗೆ ನಿಜವಾಗಬಹುದು.

ಈ ಕ್ಲಬ್‌ನ ಹಳೆಯ ಬೀಳ್ಕೊಡುಗೆಗಳನ್ನೂ ಒಮ್ಮೆ ನೋಡಿ. ಜ್ಯಾಕ್ ಗಿಬ್ಸನ್ 1981, 1982, 1983 ಮೂರೂ ವರ್ಷ ಕಪ್ ಗೆದ್ದುಕೊಟ್ಟು ಹೊರಟಾಗ, ಅವರ ಕೈಕೆಳಗೆ ದುಡಿದಿದ್ದ ಜಾನ್ ಮೋನಿ ಅದೇ ಪದ್ಧತಿ ಹಿಡಿದು ಮುಂದುವರಿಸಿದರು. 1984ರ ಫೈನಲ್‌ನಲ್ಲಿ ಕ್ಯಾಂಟರ್‌ಬರಿ ಎದುರು 6-4ರಿಂದ ಸೋಲು, 1986ರಲ್ಲಿ ಅದೇ ಕ್ಯಾಂಟರ್‌ಬರಿ ಎದುರು 4-2ರಿಂದ ಗೆಲುವು. ಎರಡೂ ಕಡೆ ಒಂದೇ ಒಂದು ಟ್ರೈ ಇಲ್ಲದ ಫೈನಲ್ ಅದು. ಅದೇ ನಮ್ಮ ಕೊನೆಯ ಕಪ್. ಬ್ರಯಾನ್ ಸ್ಮಿತ್ 1997ರಿಂದ ಇದ್ದವರು. ಉತ್ತರಾಧಿಕಾರಿಯಾಗಿ ಮೈಕೆಲ್ ಹೇಗನ್ ಬರುತ್ತಾರೆ ಎಂದಾದ ಮೇಲೆ 2006ರ ಸೀಸನ್ ನಡುವೆಯೇ ಹೊರಟರು. ಹಂಗಾಮಿಯಾಗಿ ಬಂದ ಜೇಸನ್ ಟೇಲರ್ ಆ ತಂಡವನ್ನು ಮೊದಲ ಎಂಟರೊಳಗೆ ತಂದರು, ಆದರೂ ಮೊದಲೇ ಗೊತ್ತು ಮಾಡಿದ್ದಂತೆ 2007ಕ್ಕೆ ಹೇಗನ್ ಬಂದರು. ಡೇನಿಯಲ್ ಆಂಡರ್ಸನ್ 2009ರಲ್ಲಿ ಫೈನಲ್‌ಗೆ ಕರೆದೊಯ್ದರು, 2010ರ ಕೊನೆಗೆ ಅವರನ್ನೂ ಕಳಿಸಲಾಯಿತು. ಸ್ಟೀಫನ್ ಕಿಯರ್ನಿ 2012ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. 2013ರಲ್ಲಿ ರಿಕಿ ಸ್ಟುವರ್ಟ್ ಬಂದು, ಸೀಸನ್ ನಡುವೆಯೇ ಹನ್ನೆರಡು ಆಟಗಾರರಿಗೆ ನಿಮ್ಮ ಸೇವೆ ಸಾಕು ಅಂದರು, ತಂಡ ಕೊನೆಯ ಸ್ಥಾನಕ್ಕೆ ಬಿತ್ತು, ಮೂರು ವರ್ಷದ ಒಪ್ಪಂದದಲ್ಲಿ ಒಂದೇ ವರ್ಷ ಮುಗಿಸಿ ಅವರೂ ಕ್ಯಾನ್ಬೆರಾಗೆ ಹೊರಟುಹೋದರು. ಪ್ರತಿ ಹೊಸ ಕೋಚ್ ತನಗೆ ಬೇಕಾದ ಆಟಗಾರರನ್ನು ತಂದರು. ಅವರು ಹೋದ ಮೇಲೂ ಆ ಒಪ್ಪಂದಗಳು ಸಂಬಳ ಮಿತಿಯೊಳಗೆ ಕೂತೇ ಇದ್ದವು, ಮುಂದಿನವರು ಆ ಭಾರ ಹೊತ್ತೇ ಶುರು ಮಾಡಬೇಕಾಯಿತು.

ಪಕ್ಕದ ಪೆನ್ರಿತ್‌ನ ಉದಾಹರಣೆ ನಮ್ಮವರಿಗೆ ಹಿಡಿಸುವುದಿಲ್ಲ, ಆದರೂ ಹೇಳಲೇಬೇಕು. ಅಲ್ಲಿ 2015ರ ಕೊನೆಗೆ ಐವನ್ ಕ್ಲಿಯರಿ ಅವರನ್ನು ತೆಗೆದರು. 2019ಕ್ಕೆ ಅವರನ್ನೇ ವಾಪಸ್ ಕರೆದರು. 2021ರಿಂದ 2024ರವರೆಗೆ ನಾಲ್ಕು ಕಪ್ ಸಾಲಾಗಿ ಬಂದವು. ಕ್ಲಿಯರಿ ಇಲ್ಲದ ಆ ವರ್ಷಗಳಲ್ಲೂ ಅಲ್ಲಿ ಕಿರಿಯರ ಪಡೆ ಬೆಳೆಯುವುದು ನಿಂತಿರಲಿಲ್ಲ, ಅವರು ಮರಳಿದಾಗ ಆ ಹುಡುಗರು ಆಡುವ ವಯಸ್ಸಿಗೆ ಬಂದಿದ್ದರು.

ಹಾಗಾದರೆ ಕೋಚ್ ಹೋದ ವಾರ ನಾವು ಏನು ಕೇಳಬೇಕು?

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಹೊಸ ಕೋಚ್ ಬರುವವರೆಗೆ ಆಟಗಾರರ ಒಪ್ಪಂದಗಳಿಗೆ ಸಹಿ ಹಾಕುವವರು ಯಾರು? ಇದು ಹೆಸರು ಹಿಡಿದು ಕೇಳಬೇಕಾದ ಪ್ರಶ್ನೆ. ಮುಖ್ಯ ಕಾರ್ಯನಿರ್ವಾಹಕರೇ, ಆಟಗಾರರ ನೇಮಕಾತಿ ನೋಡುವ ಮ್ಯಾನೇಜರೇ, ಬೋರ್ಡಿನ ಸಮಿತಿಯೇ? ಹಂಗಾಮಿ ಕೋಚ್ ಇರುವ ತಿಂಗಳುಗಳಲ್ಲಿ ಯುವ ಆಟಗಾರರ ಏಜೆಂಟರು ಸುಮ್ಮನೆ ಕೂರುವುದಿಲ್ಲ. "ಮುಂದಿನ ವರ್ಷ ನನ್ನ ಹುಡುಗ ಯಾವ ಜಾಗದಲ್ಲಿ ಆಡುತ್ತಾನೆ?" ಎಂದು ಕೇಳಿದರೆ ಉತ್ತರ ಹೇಳಬೇಕಾದವರೇ ಇರುವುದಿಲ್ಲ. 2024ರಲ್ಲಿ ಹದಿಹರೆಯದಲ್ಲೇ ಮೊದಲ ದರ್ಜೆಗೆ ಬಂದು ಕಣ್ಣು ಕೋರೈಸಿದ ಬ್ಲೇಜ್ ತಲಾಂಗಿ ಆ ವರ್ಷದ ಕೊನೆಗೆ ಪೆನ್ರಿತ್ ಪಾಲಾದದ್ದನ್ನು ನೆನಪಿಸಿಕೊಳ್ಳಿ. ನಮಗೆ ಕೋಚ್ ಹೋದದ್ದಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಇದು.

ಆಮೇಲೆ ಒಪ್ಪಂದದೊಳಗಿನ ಷರತ್ತುಗಳು. ಆಟಗಾರನೇ ಬೇಕಾದಾಗ ಹೊರಬರಬಹುದಾದ ಆಯ್ಕೆಯ ವರ್ಷಗಳನ್ನು ಉದ್ದದ ಒಪ್ಪಂದಗಳಲ್ಲಿ ಸೇರಿಸುತ್ತಾರೆ. ಡಿಲನ್ ಬ್ರೌನ್ ಒಪ್ಪಂದ 2031ರವರೆಗೆ ಎಂದು ಓದಿ ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು. ಅದರೊಳಗೆ ಇದ್ದ ಆಯ್ಕೆಯನ್ನು ಬಳಸಿಕೊಂಡು ಅವರು 2026ರಿಂದ ನ್ಯೂಕ್ಯಾಸಲ್‌ಗೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡರು. ಆದ್ದರಿಂದ ಪತ್ರಿಕೆಯಲ್ಲಿ "ಐದು ವರ್ಷ ವಿಸ್ತರಣೆ" ಎಂದು ಬಂದಾಗ, ಎಷ್ಟು ವರ್ಷ ಗಟ್ಟಿ, ಎಷ್ಟು ವರ್ಷ ಆಟಗಾರನ ಆಯ್ಕೆ, ಎಷ್ಟು ವರ್ಷ ಕ್ಲಬ್ ಆಯ್ಕೆ ಎಂದು ಬಿಡಿಸಿ ಕೇಳಬೇಕು. ಸಂಬಳದ ಮೊತ್ತ ಗುಟ್ಟಾಗಿರಲಿ, ಅವಧಿಯ ವಿವರ ಹೇಳಲು ಅಡ್ಡಿಯೇನು?

ಹೊಸ ಕೋಚ್ ಘೋಷಣೆಯ ದಿನಾಂಕವೂ ಮುಖ್ಯ. ನವೆಂಬರ್ 1ಕ್ಕೆ ಮೊದಲೇ ಹೆಸರು ಗೊತ್ತಾದರೆ ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರರ ಜೊತೆ ಆ ಕೋಚ್ ಫೋನಿನಲ್ಲಾದರೂ ಮಾತಾಡಬಹುದು. ಈ ವಿಷಯದಲ್ಲಿ ಕ್ಲಬ್ 2024ರಲ್ಲಿ ಸರಿಯಾಗಿ ನಡೆದುಕೊಂಡಿತು. ಮೇ ತಿಂಗಳಲ್ಲಿ ಒಬ್ಬರನ್ನು ಕಳಿಸಿ ಜುಲೈಗೆ ರೈಲ್ಸ್ ಅವರನ್ನು ಗೊತ್ತು ಮಾಡಿದ್ದರಿಂದ ನವೆಂಬರ್‌ನ ತಾಲೀಮು ಅವರ ಕೈಯಲ್ಲೇ ಶುರುವಾಯಿತು. ಆದರೆ ಆ ನಡುವೆ ಹಳೆಯ ಬೆನ್ನೆಲುಬೂ ಚದುರಿತು: ನಾಯಕ ಕ್ಲಿಂಟ್ ಗದರ್ಸನ್ ಸೇಂಟ್ ಜಾರ್ಜ್ ಇಲವಾರಾಗೆ, ಪ್ರಾಪ್ ರೀಗನ್ ಕ್ಯಾಂಬೆಲ್-ಗಿಲಾರ್ಡ್ ಗೋಲ್ಡ್ ಕೋಸ್ಟ್‌ಗೆ, ಮೈಕಾ ಸಿವೊ ಆರ್ಥರ್ ಇದ್ದ ಲೀಡ್ಸ್‌ಗೆ. ಹೊಸ ಕೋಚ್ ಬಂದರೆ ಹೀಗಾಗುವುದು ಲೆಕ್ಕದೊಳಗಿನ ಮಾತೇ. ಲೆಕ್ಕ ತಪ್ಪುವುದು ಬಿಟ್ಟುಹೋದವರ ಜಾಗಕ್ಕೆ ಮನೆಯ ಹುಡುಗ ಸಿದ್ಧನಿಲ್ಲದಾಗ.

ಅದಕ್ಕೇ ಕಿರಿಯರ ತಂಡಗಳ ಬಗ್ಗೆ ಕೇಳಿ. ಹೆರಾಲ್ಡ್ ಮ್ಯಾಥ್ಯೂಸ್ ಕಪ್ 17 ವರ್ಷದೊಳಗಿನವರಿಗೆ, ಎಸ್‌ಜಿ ಬಾಲ್ ಕಪ್ 19ರೊಳಗೆ, ಜರ್ಸಿ ಫ್ಲೆಗ್ 21ರೊಳಗೆ, ಆಮೇಲೆ ಎನ್‌ಆರ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎನ್‌ಎಸ್‌ಡಬ್ಲ್ಯೂ (ನ್ಯೂ ಸೌತ್ ವೇಲ್ಸ್) ಕಪ್. ಮುಖ್ಯ ಕೋಚ್ ಬದಲಾದಾಗ ಈ ನಾಲ್ಕು ತಂಡಗಳ ಕೋಚ್‌ಗಳು ಉಳಿಯುತ್ತಾರೆಯೇ? ಹಿರಿಯ ತಂಡದ ರಕ್ಷಣೆ ಪದ್ಧತಿಯನ್ನೇ ಅಲ್ಲೂ ಕಲಿಸುತ್ತಾರೆಯೇ? ಕೆಳಗೆ ಜಾರುವ ಪದ್ಧತಿ ಕಲಿತ ಹುಡುಗ ಮೇಲೆ ಬಂದು ನುಗ್ಗುವ ಪದ್ಧತಿ ಕಂಡರೆ ಅವನ ಮೊದಲ ಸೀಸನ್ ಪೂರ್ತಿ ಮರೆಯುವುದರಲ್ಲೇ ಕಳೆಯುತ್ತದೆ. ವೆಂಟ್‌ವರ್ತ್‌ವಿಲ್ ಮ್ಯಾಗ್‌ಪೈಸ್‌ನಂಥ ಸ್ಥಳೀಯ ಕ್ಲಬ್‌ಗಳು ನಮ್ಮ ಮನೆಗಳ ಪಕ್ಕದಲ್ಲೇ ಇವೆ. ನಮ್ಮ ಮಕ್ಕಳನ್ನು ಶನಿವಾರ ಕ್ರಿಕೆಟ್‌ಗೆ ಕಳಿಸುವಂತೆ ಚಳಿಗಾಲದಲ್ಲಿ ಇಲ್ಲಿಗೂ ಕಳಿಸಿದರೆ ಆಟ ಒಳಗಿನಿಂದ ಅರ್ಥವಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಟ್ಯಾಕಲ್ ಇಲ್ಲದ, ಸೊಂಟದ ಪಟ್ಟಿ ಎಳೆಯುವ ಟ್ಯಾಗ್ ಆಟವೂ ಇದೆ.

ಮೈದಾನದಲ್ಲಿ ನಾವೇ ನೋಡಿ ತಿಳಿಯಬಹುದಾದದ್ದೂ ಇದೆ. ಮಂಗಳವಾರ ಸಂಜೆ ನಾಲ್ಕಕ್ಕೆ ತಂಡದ ಹೆಸರುಗಳ ಪಟ್ಟಿ ಬರುತ್ತದೆ. ಅದರಲ್ಲಿ 1, 6, 7, 9 ಈ ನಾಲ್ಕು ನಂಬರ್ ನೋಡಿ: ಫುಲ್‌ಬ್ಯಾಕ್, ಫೈವ್-ಏಯ್ತ್, ಹಾಫ್‌ಬ್ಯಾಕ್, ಹೂಕರ್. ಗಾಯವಿಲ್ಲದೆ ವಾರ ಬಿಟ್ಟು ವಾರ ಈ ನಾಲ್ಕರಲ್ಲಿ ಎರಡು ಬದಲಾಗುತ್ತಿದ್ದರೆ ಕೋಚ್ ಇನ್ನೂ ತಡಕಾಡುತ್ತಿದ್ದಾರೆ ಎಂದರ್ಥ. ಅಂಕಪಟ್ಟಿಯ ಸ್ಥಾನಕ್ಕಿಂತ ಬಿಟ್ಟುಕೊಟ್ಟ ಅಂಕಗಳ ಕಾಲಂ ಹೆಚ್ಚು ಹೇಳುತ್ತದೆ. ಎದುರಿನವರ ಟ್ರೈಗಳು ಯಾವ ಅಂಚಿನಿಂದ ಬರುತ್ತಿವೆ, ನಮ್ಮ ಚೆಂಡು ಆರನೇ ಟ್ಯಾಕಲ್‌ವರೆಗೆ ಕೈಯಲ್ಲೇ ಉಳಿಯುತ್ತಿದೆಯೇ ಎಂದು ಗುರುತು ಹಾಕಿಕೊಳ್ಳಿ. ರೈಲ್ಸ್ ಅವರ ಮೊದಲ ಪಂದ್ಯ, 2025ರ ಮೊದಲ ಸುತ್ತು, ಮೆಲ್ಬರ್ನ್ ಎದುರು 56-18ರ ಸೋಲು. ಅಂದು ಮೋಸೆಸ್ ಇರಲಿಲ್ಲ, ಪಟ್ಟಿಯ ಅರ್ಧ ಹೊಸಬರು. ಆ ರಾತ್ರಿಯೇ "ಇವರೂ ಬೇಡ" ಎಂಬ ಸಂದೇಶಗಳು ನಮ್ಮ ನಡುವೆ ಓಡಾಡಿದವು. ಒಬ್ಬ ಕೋಚ್‌ನ ಕೆಲಸ ಅಳೆಯಲು ಕನಿಷ್ಠ ಒಂದು ಪೂರ್ತಿ ಬೇಸಿಗೆಯ ತಾಲೀಮು ಮತ್ತು 24 ಪಂದ್ಯ ಬೇಕು, ಎರಡು ಬೇಸಿಗೆಯಾದರೆ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ಕಟುವಾಗಿಯೇ ಹೇಳುತ್ತೇವೆ. ಆರ್ಥರ್ ಅವರ ಮಗ ಜೇಕ್ ಈಲ್ಸ್‌ಗೆ ಆಡುತ್ತಿದ್ದಾಗ ನಮ್ಮದೇ ಸ್ಟೇಡಿಯಂನಲ್ಲಿ, ನಮ್ಮದೇ ಬಣ್ಣ ತೊಟ್ಟವರು ಆ ಹುಡುಗನನ್ನು ಹೀಯಾಳಿಸಿ ಕೂಗಿದರು. ಕೋಚ್ ಮೇಲಿನ ಸಿಟ್ಟನ್ನು ಎಳೆಯ ಹುಡುಗನ ಮೇಲೆ ತೀರಿಸಿಕೊಂಡರು. ಆಯ್ಕೆ ತಪ್ಪೆನಿಸಿದರೆ ಆಯ್ಕೆ ಮಾಡಿದವರನ್ನು ಕೇಳಿ. ಆಟಗಾರರ, ಕೋಚ್‌ಗಳ ಮನೆಯವರ ಖಾತೆಗಳಿಗೆ ಹೋಗಿ ಬರೆಯುವುದನ್ನು ನಮ್ಮಲ್ಲಿ ಯಾರಾದರೂ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಮಾಡುವವರು ಗೊತ್ತಿದ್ದರೆ ನಿಲ್ಲಿಸಲು ಹೇಳಿ.

ಇನ್ನು, ಕೇಳುವುದು ಎಲ್ಲಿ? ಸೀಸನ್ ಟಿಕೆಟ್ ಜೊತೆ ಬರುವ ಈಲ್ಸ್ ಸದಸ್ಯತ್ವ ಬೇರೆ, ಸ್ಟೇಡಿಯಂ ಪಕ್ಕದ ಪ್ಯಾರಮಟಾ ಲೀಗ್ಸ್ ಕ್ಲಬ್ ಸದಸ್ಯತ್ವ ಬೇರೆ. ಈಲ್ಸ್ ತಂಡವನ್ನು ನಡೆಸುವ ಫುಟ್‌ಬಾಲ್ ಕ್ಲಬ್‌ಗೆ ಒಡೆಯ ಈ ಲೀಗ್ಸ್ ಕ್ಲಬ್. ಹೆಚ್ಚಿನವರ ಬಳಿ ಮೊದಲನೆಯದು ಮಾತ್ರ ಇರುತ್ತದೆ, ಸಿಟ್ಟು ಬಂದಾಗ ಅದನ್ನು ರದ್ದು ಮಾಡುತ್ತೇವೆ ಎನ್ನುತ್ತಾರೆ. ಹಾಗೆ ಮಾಡಿದರೆ ಕಳೆದುಕೊಳ್ಳುವುದು ನಿಮ್ಮ ಸೀಟು. ಎರಡನೆಯದನ್ನು ಮಾಡಿಸಿ, ವಾರ್ಷಿಕ ವರದಿ ತರಿಸಿಕೊಂಡು ಓದಿ, ವಾರ್ಷಿಕ ಸಾಮಾನ್ಯ ಸಭೆಯ ನೋಟಿಸ್ ಬಂದಾಗ ದಿನ ಗುರುತಿಟ್ಟುಕೊಳ್ಳಿ. ಮತ ಹಾಕುವ ಹಕ್ಕು ಯಾವ ವರ್ಗದ ಸದಸ್ಯರಿಗೆ, ಎಷ್ಟು ಕಾಲದ ಮೇಲೆ ಸಿಗುತ್ತದೆ ಎಂಬುದು ಕ್ಲಬ್‌ನ ನಿಯಮಾವಳಿಯಲ್ಲಿರುತ್ತದೆ, ಸೇರುವಾಗಲೇ ಅದರ ಪ್ರತಿ ಕೇಳಿ. ಪ್ರಶ್ನೆಯನ್ನು ಸಭೆಗೆ ಮೊದಲೇ ಬರೆದು ಕಳಿಸಿ, ಒಂದು ಪತ್ರದಲ್ಲಿ ಒಂದೇ ವಿಷಯ ಇರಲಿ, ಸದಸ್ಯತ್ವ ಸಂಖ್ಯೆ ಹಾಕಿ, ಯಾರಿಂದ ಉತ್ತರ ಬೇಕು ಎಂದು ಹುದ್ದೆ ಹೆಸರಿಸಿ, ಲಿಖಿತ ಉತ್ತರವನ್ನೇ ಕೇಳಿ. ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವ ಹಿರಿಯರು ಕನ್ನಡದಲ್ಲೇ ಬರೆದುಕೊಡಿ, ಮನೆಯ ಮಕ್ಕಳು ಅನುವಾದ ಮಾಡಿ ಎರಡನ್ನೂ ಸೇರಿಸಿ ಕಳಿಸಲಿ.

ಇತಿ,
ಪಶ್ಚಿಮ ಸಿಡ್ನಿಯ ಕೆಲವು ಕನ್ನಡಿಗ ಈಲ್ಸ್ ಅಭಿಮಾನಿಗಳು